ಕೀಲಿಗೊಂಚಲಿನಲ್ಲಿ ಹಾಜರಿ

ಎರಡನೇ ಮಹಾಯುದ್ಧ ಮುಗಿಸಿ ಮನೆಗೆ ಮರಳಿದ ಕೆನಡಾದ ಸೈನಿಕರಲ್ಲಿ ಕೈಯನ್ನೋ ಕಾಲನ್ನೋ ರಣರಂಗದಲ್ಲೇ ಬಿಟ್ಟು ಬಂದವರಿದ್ದರು. ಅವರಿಗೆ ಕೆಲಸ ಬೇಕಿತ್ತು. ಮೊದಲ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡವರೇ 1918ರಲ್ಲಿ ಕಟ್ಟಿಕೊಂಡಿದ್ದ ‘ವಾರ್ ಆಂಪ್ಸ್’ ಎಂಬ ಸಂಘ 1946ರಲ್ಲಿ ಅವರಿಗೊಂದು ದಾರಿ ತೋರಿಸಿತು: ಕಾರಿನ ನಂಬರ್ ಪ್ಲೇಟನ್ನೇ ಪುಟ್ಟದು ಮಾಡಿದಂಥ ಬಿಲ್ಲೆಗಳನ್ನು ತಯಾರಿಸಿ ವಾಹನ ಮಾಲೀಕರಿಗೆ ಅಂಚೆಯಲ್ಲಿ ಕಳಿಸುವುದು. ಬಿಲ್ಲೆಯನ್ನು ಕೀಲಿಗೊಂಚಲಿಗೆ ಸಿಕ್ಕಿಸಿಕೊಂಡರಾಯಿತು. ಗೊಂಚಲು ಎಲ್ಲಾದರೂ ಬಿದ್ದುಹೋದರೆ, ಸಿಕ್ಕವರು ಅದನ್ನು ಹತ್ತಿರದ ಅಂಚೆಪೆಟ್ಟಿಗೆಗೆ ಹಾಕಬೇಕು. ಅಂಚೆ ವೆಚ್ಚ ಸಂಘದ್ದು, ಕೀಲಿಯನ್ನು ಮಾಲೀಕರಿಗೆ ಮುಟ್ಟಿಸುವ ಹೊಣೆಯೂ ಸಂಘದ್ದು. ಮೆಚ್ಚಿದವರು ಕೈಲಾದಷ್ಟು ದೇಣಿಗೆ ಕೊಡುತ್ತಿದ್ದರು.

ಅಮೆರಿಕದಲ್ಲೂ ಗಾಯಾಳು ಯೋಧರ ಸಂಘವೊಂದು ಇದೇ ಬಗೆಯ ಬಿಲ್ಲೆಗಳನ್ನು ಯುದ್ಧದ ವರ್ಷಗಳಿಂದ 1970ರ ದಶಕದವರೆಗೆ ಹಂಚಿತು. ಹಳೆಯ ವಸ್ತುಗಳ ಸಂಗ್ರಾಹಕರು ಇವತ್ತಿಗೂ ಅವನ್ನು ರಾಜ್ಯವಾರು, ವರ್ಷವಾರು ಜೋಡಿಸಿಟ್ಟುಕೊಳ್ಳುತ್ತಾರೆ. ಕೆನಡಾದ ಬಿಲ್ಲೆ ಇನ್ನೂ ನಿಂತಿಲ್ಲ. ವಾಹನದ ನೋಂದಣಿ ಸಂಖ್ಯೆಯ ಜಾಗಕ್ಕೆ ಮುಂದೆ ಸಂಘವೇ ಕೊಡುವ ಗುಪ್ತ ಸಂಖ್ಯೆ ಬಂತು. ಹುಟ್ಟಿನಿಂದಲೋ ಅಪಘಾತದಿಂದಲೋ ಅಂಗ ಕಳೆದುಕೊಂಡ ಮಕ್ಕಳ ನೆರವಿಗೆ 1975ರಲ್ಲಿ ಶುರುವಾದ ಯೋಜನೆಗೂ ಈ ದೇಣಿಗೆಯ ಹಣವೇ ಆಸರೆ.

ಈ ಬಿಲ್ಲೆಯ ಮೇಲೆ ಮಾಲೀಕರ ಹೆಸರಿಲ್ಲ, ಮನೆಯ ವಿಳಾಸವಿಲ್ಲ. ಇದ್ದಿದ್ದರೆ ಬೀದಿಯಲ್ಲಿ ಕೀಲಿ ಸಿಕ್ಕ ಕಳ್ಳನಿಗೆ ಬಾಗಿಲೂ ಸಿಕ್ಕಂತೆ. ಸಂಖ್ಯೆ ಯಾರದೆಂಬುದು ಒಂದೇ ಕಡೆ, ಸಂಘದ ದಫ್ತರದಲ್ಲಿ, ದಾಖಲಾಗಿರುತ್ತದೆ. ಇಂದು ಅಮೆರಿಕದ ಫಿಸಿಕಲ್ ಥೆರಪಿ ಕ್ಲಿನಿಕ್ಕುಗಳಲ್ಲಿ ರೋಗಿಗಳು ಬಂದಕೂಡಲೇ ಯಂತ್ರಕ್ಕೆ ತೋರಿಸುವ ಬಾರ್‌ಕೋಡ್ ಬಿಲ್ಲೆಯ ಜೀವಾಳವೂ ಇದೇ. ವೈದ್ಯಕೀಯದ ದೊಡ್ಡ ಚರಿತ್ರೆಗಳಲ್ಲಿ ಇಷ್ಟು ಸಣ್ಣ ಪ್ಲಾಸ್ಟಿಕ್ ತುಂಡಿಗೆ ಜಾಗವಿಲ್ಲದಿರಬಹುದು. ಆದರೆ ಯುದ್ಧ, ದಿನಸಿ ಅಂಗಡಿ, ವ್ಯಾಯಾಮಶಾಲೆ, ವಿಮೆ, ಕಾನೂನು ಇಷ್ಟನ್ನೂ ಹಾದು ಬಂದ ವಸ್ತು ಅದು. ಅದರ ಕತೆ ಹೇಳುವುದಕ್ಕೆ ಅರ್ಹವಾದದ್ದು.

ಬಿಲ್ಲೆಯಷ್ಟೇ ಅಲ್ಲ, ಫಿಸಿಕಲ್ ಥೆರಪಿಯೂ ಅಮೆರಿಕದಲ್ಲಿ ಯುದ್ಧದಿಂದಲೇ ಬಲಗೊಂಡದ್ದು. 1918ರಲ್ಲಿ ವಾಷಿಂಗ್ಟನ್‌ನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ಮೇರಿ ಮೆಕ್‌ಮಿಲನ್ ಬಂದರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು, ಮೂಳೆತಜ್ಞ ಸರ್ ರಾಬರ್ಟ್ ಜೋನ್ಸ್ ಅವರೊಂದಿಗೆ ಕೆಲಸ ಮಾಡಿದ್ದವರು ಆಕೆ. ಗಾಯಾಳುಗಳ ಸ್ನಾಯುಗಳಿಗೆ ಮಾಲೀಸು, ವ್ಯಾಯಾಮ, ಶಾಖ, ನೀರಿನ ಚಿಕಿತ್ಸೆ ಕೊಡುವ ‘ರೀಕನ್‌ಸ್ಟ್ರಕ್ಷನ್ ಏಡ್’ ಎಂಬ ಯುವತಿಯರ ಪಡೆ ಆಗ ಸಿದ್ಧವಾಯಿತು. ಪೋರ್ಟ್‌ಲ್ಯಾಂಡಿನ ರೀಡ್ ಕಾಲೇಜು ಆ ಪಡೆಗೆ ತರಬೇತಿ ಕೊಟ್ಟ ಮುಖ್ಯ ಕೇಂದ್ರಗಳಲ್ಲೊಂದು. ಸೇನೆಗಾಗಿ ದುಡಿದರೂ ಅವರಿಗೆ ಸೈನಿಕರ ಸ್ಥಾನಮಾನ ಸಿಗಲಿಲ್ಲ. ಯುದ್ಧ ಮುಗಿದ ಮೇಲೆ, 1921ರಲ್ಲಿ, ಅವರೇ ಸೇರಿ ವೃತ್ತಿಸಂಘ ಕಟ್ಟಿದರು. ಮೊದಲ ಅಧ್ಯಕ್ಷೆ ಮೆಕ್‌ಮಿಲನ್. ಆಮೇಲೆ ಪೋಲಿಯೊ ಬಂತು, ಎರಡನೇ ಯುದ್ಧ ಬಂತು. ಅವರ ಕೆಲಸ ಹೆಚ್ಚುತ್ತಲೇ ಹೋಯಿತು.

ಈ ಚಿಕಿತ್ಸೆಯ ಸ್ವಭಾವವೇ ಬೇರೆ. ಶಸ್ತ್ರಚಿಕಿತ್ಸೆ ಒಂದು ದಿನದ ಮಾತು. ಬದಲಿ ಮಂಡಿ ಹಾಕಿಸಿಕೊಂಡವರು ಮಾತ್ರ ವಾರಕ್ಕೆ ಎರಡು ಮೂರು ಸಲದಂತೆ ವಾರಗಟ್ಟಲೆ ಬರಬೇಕು. ಇಂದು ಮಂಡಿ ಇಷ್ಟು ಮಡಚಿತು, ನಾಡಿದ್ದು ಇನ್ನೊಂದು ಚೂರು ಹೆಚ್ಚು ಮಡಚಬೇಕು. ಆ ಚೂರು ಗಳಿಸಲು ಬರುವವರ ಮುಂದೆ ಕೌಂಟರಿನಲ್ಲಿ ಪ್ರತಿಸಲವೂ ಕಾಗದದ ಹಾಜರಿ ಹಾಳೆ: ಹೆಸರು, ಬಂದ ವೇಳೆ, ಸಹಿ. ಮಣಿಕಟ್ಟಿಗೆ ಪಟ್ಟಿ ಬಿಗಿದವರಿಗೆ, ಸಂಧಿವಾತದಿಂದ ಬೆರಳು ಸೆಟೆದವರಿಗೆ, ಪಾರ್ಶ್ವವಾಯುವಾದವರಿಗೆ ಪೆನ್ನು ಹಿಡಿಯುವುದೇ ಒಂದು ಕಸರತ್ತು.

ಕಾಗದಕ್ಕೆ ಬದಲಿ ಹುಟ್ಟಿದ್ದು ದಿನಸಿ ಅಂಗಡಿಯ ಕಷ್ಟದಿಂದ. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯಲ್ಲಿ, ಗಿರಾಕಿ ಕೊಂಡ ಸಾಮಾನನ್ನು ತಾನಾಗಿ ಗುರುತಿಸುವ ಯಂತ್ರ ಬೇಕೆಂದು ಅಂಗಡಿ ಸರಪಳಿಯೊಂದರ ಮುಖ್ಯಸ್ಥ ಡೀನ್ ಅವರನ್ನು ಕೇಳಿಕೊಳ್ಳುತ್ತಿದ್ದುದು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವನು ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ತಿಳಿಸಿದ. ಮಯಾಮಿಯ ಕಡಲ ತೀರದಲ್ಲಿ ಕೂತಿದ್ದ ವುಡ್‌ಲ್ಯಾಂಡ್, ತನಗೆ ಗೊತ್ತಿದ್ದ ಮೋರ್ಸ್ ಸಂಕೇತದ ಚುಕ್ಕಿ-ಗೆರೆಗಳನ್ನು ಮರಳಿನಲ್ಲಿ ಬೆರಳಿನಿಂದ ಕೆಳಕ್ಕೆ ಎಳೆದ. ಚುಕ್ಕಿ ತೆಳು ಪಟ್ಟಿಯಾಯಿತು, ಗೆರೆ ದಪ್ಪ ಪಟ್ಟಿಯಾಯಿತು. 1952ರ ಅಕ್ಟೋಬರ್ 7ರಂದು ಪೇಟೆಂಟ್ ಸಿಕ್ಕಿತು. ಆದರೆ ಓದುವ ಯಂತ್ರಕ್ಕೆ 500 ವಾಟಿನ ಬಲ್ಬು ಬೇಕಿತ್ತು. ಲೇಸರ್ ಇಲ್ಲದ, ಅಗ್ಗದ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಆ ಉಪಾಯ ಸುಮ್ಮನೆ ಕೂತಿತು. ಸಿಲ್ವರ್ 1963ರಲ್ಲಿ, ನಲವತ್ತು ದಾಟುವ ಮುನ್ನವೇ ತೀರಿಕೊಂಡ. ಹಾಗಾಗಿ 1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಅಂಗಡಿಯಲ್ಲಿ 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣ ಮೊದಲ ಬಾರಿಗೆ ಸ್ಕ್ಯಾನರ್ ದಾಟಿದ್ದನ್ನು ಅವನು ಕಾಣಲಿಲ್ಲ.

ದಿನಸಿ ಸಾಮಾನಿನ ಬಾರ್‌ಕೋಡ್ ಅಂಕಿಗಳನ್ನಷ್ಟೇ ಹೊರುತ್ತದೆ. ಆಸ್ಪತ್ರೆಗೆ, ಕಾರ್ಖಾನೆಗೆ ಅಕ್ಷರವೂ ಬೇಕು. ಅದೇ 1974ರಲ್ಲಿ ಇಂಟರ್‌ಮೆಕ್ ಕಂಪನಿಯ ಡೇವಿಡ್ ಅಲೇ ಮತ್ತು ರೇ ಸ್ಟೀವನ್ಸ್ ‘ಕೋಡ್ 39’ ರೂಪಿಸಿದರು. ಒಂದೊಂದು ಅಕ್ಷರಕ್ಕೂ ಪಟ್ಟಿ, ಖಾಲಿ ಜಾಗ ಸೇರಿ ಒಂಬತ್ತು ತುಣುಕು, ಅವುಗಳಲ್ಲಿ ಮೂರು ದಪ್ಪ. ಓದಲು ಸುಲಭ, ಆದರೆ ಉದ್ದ ಹೆಚ್ಚು. 1981ರಲ್ಲಿ ಬಂದ ‘ಕೋಡ್ 128’ ಅಷ್ಟೇ ಮಾಹಿತಿಯನ್ನು ಚಿಕ್ಕ ಜಾಗದಲ್ಲಿ ಅಡಕ ಮಾಡಿತು. ಹೆಬ್ಬೆರಳಗಲದ ಬಿಲ್ಲೆಯ ಮೇಲೆ ಸಂಖ್ಯೆಯೊಂದು ತಪ್ಪಿಲ್ಲದೆ ಕೂರುವಂತಾದದ್ದರಲ್ಲಿ ಈ ಅಡಕದ ಪಾಲು ದೊಡ್ಡದು.

ಆಸ್ಪತ್ರೆಗಳಿಗೆ ಬಾರ್‌ಕೋಡ್ ಮೊದಲು ಬಂದದ್ದು ರಕ್ತದ ಚೀಲಗಳ ಮೇಲೆ, 1970ರ ದಶಕದಲ್ಲಿ. ರೋಗಿಯ ಕೈಗೆ ಬರಲು ಇನ್ನೂ ಕಾಲ ಹಿಡಿಯಿತು. ಅಲ್ಲಿಯೂ ಯೋಧರ ಆಸ್ಪತ್ರೆಯೇ ಮುಂದೆ. ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ ಸರ್ಕಾರ ನಡೆಸುವ ಮಾಜಿ ಸೈನಿಕರ ಆಸ್ಪತ್ರೆಯ ನರ್ಸ್ ಸೂ ಕಿನಿಕ್, 1990ರ ದಶಕದ ಆರಂಭದಲ್ಲಿ ಬಾಡಿಗೆ ಕಾರೊಂದನ್ನು ಹಿಂದಿರುಗಿಸುವಾಗ, ಅಲ್ಲಿನ ನೌಕರ ಕಾರಿನ ಮೇಲಿನ ಬಾರ್‌ಕೋಡನ್ನು ಕೈಯಂತ್ರದಿಂದ ಓದಿ ಕ್ಷಣದಲ್ಲಿ ರಸೀದಿ ಕೊಟ್ಟದ್ದನ್ನು ಕಂಡರು. ಕಾರಿಗೆ ಆಗುವುದು ಔಷಧಿಗೇಕೆ ಆಗಬಾರದು ಎಂಬ ಯೋಚನೆ ಅವರನ್ನು ಬಿಡಲಿಲ್ಲ. ರೋಗಿಯ ಮಣಿಕಟ್ಟಿನ ಪಟ್ಟಿಯನ್ನೂ ಮಾತ್ರೆಯ ಪೊಟ್ಟಣವನ್ನೂ ಸ್ಕ್ಯಾನ್ ಮಾಡಿ ತಾಳೆ ನೋಡುವ ಪದ್ಧತಿ ಅಲ್ಲಿಂದ ಹುಟ್ಟಿತು. 2000ದ ಹೊತ್ತಿಗೆ ಅದು ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲೆಲ್ಲ ಹಬ್ಬಿತ್ತು. ಕಿನಿಕ್ 1994ರಲ್ಲೇ ತೀರಿಕೊಂಡಿದ್ದರು.

ಕೀಲಿಗೊಂಚಲಿಗೆ ಬಾರ್‌ಕೋಡ್ ಸೇರಿದ್ದು ಇದೇ ದಶಕದಲ್ಲಿ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳು ಕಾಯಂ ಗಿರಾಕಿಗಳಿಗೆ ರಿಯಾಯಿತಿ ಕಾರ್ಡ್ ಕೊಟ್ಟವು. ಕಾರ್ಡಿನ ಜೊತೆಗೇ ಮುರಿದು ತೆಗೆಯುವಂಥ ಒಂದೆರಡು ಚಿಕ್ಕ ಬಿಲ್ಲೆಗಳು, ಮೂಲೆಯಲ್ಲಿ ತೂತು. ಪರ್ಸ್ ಮನೆಯಲ್ಲಿ ಮರೆತರೂ ಕಾರಿನ ಕೀಲಿ ಮರೆಯುವಂತಿಲ್ಲವಲ್ಲ! ಗ್ರಂಥಾಲಯಗಳು, ಜಿಮ್‌ಗಳು ಅದನ್ನೇ ಅನುಸರಿಸಿದವು. ಜಿಮ್‌ನಿಂದ ಫಿಸಿಕಲ್ ಥೆರಪಿ ಕ್ಲಿನಿಕ್ಕಿಗೆ ಒಂದೇ ಹೆಜ್ಜೆ. ಎರಡೂ ಕಡೆ ಟ್ರೆಡ್‌ಮಿಲ್, ತೂಕದ ಗುಂಡು, ಎಳೆಯುವ ರಬ್ಬರ್ ಪಟ್ಟಿ. ಎರಡೂ ಕಡೆ ಅವರೇ ಜನ ಮತ್ತೆ ಮತ್ತೆ ಬರುತ್ತಾರೆ. ವರ್ಷಕ್ಕೊಮ್ಮೆ ಕಾಣುವ ಕಣ್ಣಿನ ಡಾಕ್ಟರು ಬಿಲ್ಲೆ ಕೊಟ್ಟರೆ ಅದು ಕಳೆದೇ ಹೋದೀತು. ವಾರಕ್ಕೆ ಮೂರು ಸಲ ಬರುವವರಿಗೆ ಅದರಿಂದ ನಿಜವಾದ ಉಪಯೋಗವಿದೆ.

ಕೆಲಸ ಸರಳ. ಮೊದಲ ದಿನ ಬಿಲ್ಲೆಯ ಸಂಖ್ಯೆಯನ್ನು ರೋಗಿಯ ಫೈಲಿಗೆ ಜೋಡಿಸುತ್ತಾರೆ. ಸ್ಕ್ಯಾನರ್ ಅನ್ನು ಕಂಪ್ಯೂಟರ್ ಕೀಬೋರ್ಡ್ ಎಂದೇ ತಿಳಿಯುತ್ತದೆ: ಬೆಳಕು ಪಟ್ಟಿಗಳನ್ನು ಓದಿ, ಅಂಕಿಗಳನ್ನು ಟೈಪ್ ಮಾಡಿ, ಎಂಟರ್ ಒತ್ತಿದಂತೆ. ತೆರೆಯ ಮೇಲೆ ಅಂದಿನ ಸಮಯ ದಾಖಲಾಗುತ್ತದೆ, ಒಳಗಿರುವ ಥೆರಪಿಸ್ಟ್‌ಗೆ ರೋಗಿ ಬಂದ ಸುದ್ದಿ ಮುಟ್ಟುತ್ತದೆ, ಕಟ್ಟಬೇಕಾದ ಪಾಲು ಕಾಣುತ್ತದೆ. ಸ್ಟ್ಯಾಂಡಿಗೆ ಕೂರಿಸಿದ ಸ್ಕ್ಯಾನರ್ ಆದರೆ ಒಂದೇ ಕೈ ಆಡುವವರೂ ಬಿಲ್ಲೆಯನ್ನು ಅದರ ಮುಂದೆ ಹಿಡಿಯಬಲ್ಲರು.

ಹಾಜರಿಯ ಲೆಕ್ಕಕ್ಕೆ ಇಷ್ಟು ಬೆಲೆ ಬಂದದ್ದು ವಿಮೆಯಿಂದ. ಅಮೆರಿಕದಲ್ಲಿ ಖಾಸಗಿ ವಿಮೆಗಳು ಇಂತಿಷ್ಟೇ ಭೇಟಿ ಎಂದು ಮೊದಲೇ ಮಂಜೂರು ಮಾಡುವುದು ಸಾಮಾನ್ಯ. ಹಿರಿಯರಿಗಾಗಿರುವ ಸರ್ಕಾರಿ ವಿಮೆ ಮೆಡಿಕೇರ್, 1997ರ ಕಾನೂನಿನಂತೆ ಹೊರರೋಗಿಗಳ ಈ ಚಿಕಿತ್ಸೆಗೆ ವರ್ಷಕ್ಕೆ 1,500 ಡಾಲರಿನ ಮಿತಿ ಹೇರಿತು. ಮಧ್ಯೆ ಮಧ್ಯೆ ತಡೆಹಿಡಿದು, ಸಡಿಲಿಸಿ, ಕೊನೆಗೆ 2018ರಲ್ಲಿ ಅದನ್ನು ತೆಗೆದುಹಾಕಲಾಯಿತು. ಮೆಡಿಕೇರ್ ನಿಮಿಷವನ್ನೂ ಎಣಿಸುತ್ತದೆ. ಹದಿನೈದು ನಿಮಿಷದ ಒಂದು ಘಟಕಕ್ಕೆ ಹಣ ಕೇಳಬೇಕಾದರೆ ಕನಿಷ್ಠ 8 ನಿಮಿಷ ಚಿಕಿತ್ಸೆ ನಡೆದಿರಬೇಕು, ಎರಡನೆಯ ಘಟಕಕ್ಕೆ 23 ನಿಮಿಷ. ಬಿಲ್ಲೆ ಈ ನಿಮಿಷಗಳನ್ನು ಅಳೆಯಲಾರದು. ರೋಗಿ ಎಷ್ಟು ಹೊತ್ತಿಗೆ ಬಂದರೆಂಬುದು ಅದರ ಸಾಕ್ಷ್ಯ, ಒಳಗೆ ಏನು ನಡೆಯಿತೆಂಬುದು ಥೆರಪಿಸ್ಟರ ಟಿಪ್ಪಣಿ. ಈ ಗೆರೆ ಅಳಿಸಿದರೆ ಸುಳ್ಳು ಬಿಲ್ಲಿಗೆ ದಾರಿಯಾದೀತು.

ಇನ್ನೊಂದು ಒತ್ತಡ ಗೋಪ್ಯತೆಯದು. 1996ರ ‘ಹಿಪಾ’ ಕಾನೂನಿನ ಗೋಪ್ಯತಾ ನಿಯಮವನ್ನು 2003ರ ಏಪ್ರಿಲ್ 14ರಿಂದ ಪಾಲಿಸಬೇಕಾಯಿತು. ಹಾಜರಿ ಹಾಳೆಯಲ್ಲಿ ಹಿಂದಿನವರ ಹೆಸರು ಮುಂದಿನವರಿಗೆ ಕಾಣುತ್ತದಲ್ಲ, ಅದು ಅಪರಾಧವೇ ಎಂಬ ಅಳುಕು ಕ್ಲಿನಿಕ್ಕುಗಳಿಗೆ. ಹಾಳೆ ಇಡಬಹುದು, ಹೆಸರು ಕೂಗಲೂಬಹುದು, ಬಂದ ಕಾಯಿಲೆಯನ್ನು ಮಾತ್ರ ಅಲ್ಲಿ ಬರೆಸಬಾರದು ಎಂದು ಸರ್ಕಾರ ಸ್ಪಷ್ಟಪಡಿಸಿತು. ಆದರೂ ಹೆಸರೇ ಇಲ್ಲದ ಬಿಲ್ಲೆ ಎಷ್ಟೋ ನಿರಾಳ.

ಅಂಕಿ ಎಂದಮಾತ್ರಕ್ಕೆ ಅದು ನಿರಪಾಯವಲ್ಲ. ಅಮೆರಿಕದ ಮಾಜಿ ಸೈನಿಕರ ಹಳೆಯ ಆಸ್ಪತ್ರೆ ಕಾರ್ಡಿನ ಬಾರ್‌ಕೋಡಿನಲ್ಲಿ ಅವರ ಸಾಮಾಜಿಕ ಭದ್ರತಾ ಸಂಖ್ಯೆಯೇ ಇತ್ತು. ಬ್ಯಾಂಕು, ತೆರಿಗೆ, ಸಾಲ ಎಲ್ಲಕ್ಕೂ ಅದೇ ಮೂಲ. ಕಾರ್ಡಿನ ಮುಖದ ಮೇಲೆ ಅಚ್ಚಾಗಿರದಿದ್ದರೂ, ಫೋನಿನಲ್ಲಿ ಸ್ಕ್ಯಾನರ್ ಆ್ಯಪ್ ಬಂದ ಮೇಲೆ ಯಾರು ಬೇಕಾದರೂ ಅದನ್ನು ಓದಬಹುದಾಯಿತು. 2014ರಿಂದ ಆ ಸಂಖ್ಯೆ ಇಲ್ಲದ ಹೊಸ ಕಾರ್ಡ್ ಕೊಡತೊಡಗಿದರು. ಬಾರ್‌ಕೋಡ್ ಬೀಗವಲ್ಲ, ಬೇರೆ ಲಿಪಿಯಲ್ಲಿ ಬರೆದ ಬರಹವಷ್ಟೇ. ಹಾಗಾಗಿ ಎಚ್ಚರವುಳ್ಳ ಕ್ಲಿನಿಕ್ ಬಿಲ್ಲೆಗೆ ಫೈಲಿನ ಸಂಖ್ಯೆಯನ್ನಾಗಲೀ ಜನ್ಮದಿನಾಂಕವನ್ನಾಗಲೀ ಹಾಕದೆ, ಹೊರಗೆ ಯಾವ ಅರ್ಥವೂ ಇಲ್ಲದ ಅಂಕಿಯನ್ನು ಕೊಡುತ್ತದೆ. ಕಳೆದರೆ ಆ ಅಂಕಿಯನ್ನು ರದ್ದು ಮಾಡಿ ಹೊಸದು ಕೊಟ್ಟರಾಯಿತು.

ಬಿಲ್ಲೆಗೊಂದು ವಿಚಿತ್ರ ಮಿತಿಯೂ ಇದೆ. ಅದು ಕಾರು ಓಡಿಸುವವರ ಜೇಬನ್ನು ನೆಚ್ಚಿಕೊಂಡ ವಸ್ತು. ಬಲ ಮಂಡಿಯ ಶಸ್ತ್ರಚಿಕಿತ್ಸೆಯಾದವರು ಕೆಲವು ವಾರ ಸ್ಟೀರಿಂಗ್ ಹಿಡಿಯುವಂತೆಯೇ ಇಲ್ಲ. ಮಗಳೋ ನೆರೆಯವರೋ ಕರೆತರುತ್ತಾರೆ, ರೋಗಿಯ ಕೀಲಿಗೊಂಚಲು ಮನೆಯಲ್ಲೇ ಉಳಿಯುತ್ತದೆ. ಭುಜ ಹಿಡಿದುಕೊಂಡವರಿಗೆ ಚೀಲದ ತಳದಿಂದ ಗೊಂಚಲು ತೆಗೆಯುವುದೂ ನೋವಿನ ಕೆಲಸ. ಬಿಲ್ಲೆ ತೋರಿಸಿದವರೇ ರೋಗಿ ಎಂಬುದಕ್ಕೂ ಖಾತ್ರಿಯಿಲ್ಲ. ಆದ್ದರಿಂದ ಹೆಸರು, ಜನ್ಮದಿನಾಂಕ ಎರಡನ್ನೂ ಕೇಳಿ ತಾಳೆ ನೋಡುವ ಮನುಷ್ಯರು ಕೌಂಟರಿನಲ್ಲಿ ಬೇಕೇ ಬೇಕು.

2020ರ ಕೋವಿಡ್ ಹೊತ್ತಿಗೆ ಎಲ್ಲರೂ ಮುಟ್ಟುವ ಪೆನ್ನು, ಎಲ್ಲರೂ ಒತ್ತುವ ತೆರೆ ಭಯದ ವಸ್ತುಗಳಾದವು, ಚೆಕ್-ಇನ್ ಫೋನಿಗೆ ಜಿಗಿಯಿತು. ಹಳೆಯ ಲೇಸರ್ ಸ್ಕ್ಯಾನರುಗಳಿಗೆ ಫೋನಿನ ತೆರೆಯನ್ನು ಓದುವುದು ಕಷ್ಟ. ಚಿತ್ರ ಹಿಡಿದು ಓದುವ ಹೊಸ ಸ್ಕ್ಯಾನರುಗಳು ಬೇಕಾಯಿತು. ಅವು ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಅವರ ತಂಡ 1994ರಲ್ಲಿ ರೂಪಿಸಿದ ಕ್ಯೂಆರ್ ಚೌಕವನ್ನೂ ಓದಬಲ್ಲವು.

ಭಾರತಕ್ಕೆ ಫಿಸಿಯೋಥೆರಪಿಯ ಶಿಕ್ಷಣ 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯ ಮೂಲಕ, ಪೋಲಿಯೊ ಹಾವಳಿಯ ಬೆನ್ನಲ್ಲೇ ಬಂತು. ಕೀಲಿಗೊಂಚಲಿನ ಬಿಲ್ಲೆ ಮಾತ್ರ ಇಲ್ಲಿನ ಆಸ್ಪತ್ರೆಗಳಲ್ಲಿ ಬೇರೂರಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಬಾರ್‌ಕೋಡ್ ಅಂಟುವುದು ಫೈಲಿಗೆ, ರಕ್ತದ ಟ್ಯೂಬಿಗೆ. ಅಕ್ಟೋಬರ್ 2022ರಲ್ಲಿ ದೆಹಲಿಯಲ್ಲಿ ಶುರುವಾಗಿ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂದ ‘ಸ್ಕ್ಯಾನ್ ಅಂಡ್ ಶೇರ್’ ವ್ಯವಸ್ಥೆಯಲ್ಲಂತೂ ದಿಕ್ಕೇ ತಿರುಗಿದೆ: ಚೌಕ ಇರುವುದು ಆಸ್ಪತ್ರೆಯ ಗೋಡೆಯ ಮೇಲೆ, ಓದುವ ಯಂತ್ರ ರೋಗಿಯ ಕೈಯಲ್ಲಿ. ಫೋನು ಹಿಡಿದರೆ ಹೆಸರು, ವಯಸ್ಸು, ವಿಳಾಸ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜ ಅಜ್ಜಿಯರು ಹೊರರೋಗಿ ಚೀಟಿಗಾಗಿ ಸಾಲಿನಲ್ಲೇ ನಿಲ್ಲುತ್ತಾರೆ. ಸೊಂಟ, ಮಂಡಿ ನೋವಿಗೆ ವಾರಕ್ಕೆರಡು ಸಲ ಬರಬೇಕಾದವರು ಅವರಲ್ಲೇ ಹೆಚ್ಚು. ಹತ್ತಿಪ್ಪತ್ತು ರೂಪಾಯಿಯ ಬಿಲ್ಲೆಯೊಂದು ಅವರ ಸೆರಗಿನ ಗಂಟಿನಲ್ಲೋ ಜೇಬಿನಲ್ಲೋ ಇದ್ದರೆ ಆ ಸಾಲು ಎಷ್ಟು ಕರಗೀತೆಂದು ನಮ್ಮ ಜಿಲ್ಲಾಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳು ಪರೀಕ್ಷಿಸಿ ನೋಡಬೇಕು.