ಒಂದೇ ರೋಗ, ಎರಡು ಹೆಸರು

ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡದ ಮನೆಗಳಲ್ಲಿ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಅಜ್ಜಿ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಪಕ್ಕದ ಮನೆಯ ಪಾಟಿ ‘ಅಮ್ಮೈ’ ಎನ್ನುತ್ತಿದ್ದರು. ಮಾತು ಎರಡಾದರೂ ಬಾಗಿಲಿನ ಬೇವಿನ ಸೊಪ್ಪು ಒಂದೇ, ಎದೆಯೊಳಗಿನ ಅಂಜಿಕೆಯೂ ಒಂದೇ.

1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಸಿಡುಬಿನ ಲಸಿಕೆ ಭಾರತಕ್ಕೆ, ಮುಂಬಯಿಗೆ, ಬಂದದ್ದು 1802ರಲ್ಲಿ. ಹೊಸದನ್ನು ಜನ ಸುಲಭವಾಗಿ ನಂಬಲಿಲ್ಲ. 1805ರ ಸುಮಾರಿಗೆ ಮೈಸೂರಿನ ಎಳೆಯ ರಾಣಿ ದೇವಾಜಮ್ಮಣ್ಣಿಗೆ ಲಸಿಕೆ ಹಾಕಿಸಿದರು. ಅರಮನೆಯೇ ತೋಳು ಒಡ್ಡಿದರೆ ಪ್ರಜೆಗಳ ಭಯ ಸಡಿಲವಾದೀತೆಂಬ ಎಣಿಕೆ ಅದು. ದೇಶ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದ್ದು 1977ರಲ್ಲಿ. ಅಷ್ಟು ದೀರ್ಘ ದಾರಿ!

ನಮಗಂತೂ ಲಸಿಕೆ ದೂರದ್ದಲ್ಲ. ಮೇಟ್ಟುಪಾಳ್ಯದಿಂದ ಬೆಟ್ಟ ಹತ್ತಿದರೆ ಕೂನೂರು. ಅಲ್ಲಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಹುಚ್ಚುನಾಯಿ ಕಡಿತದ ಮದ್ದಿನಿಂದ ಕೆಲಸ ಆರಂಭಿಸಿತು. ಮುಂದೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ತ್ರಿಗುಣ ಲಸಿಕೆಯನ್ನೂ ತಯಾರಿಸಿತು.

ಆದರೆ ಬೆಟ್ಟದ ಮೇಲೆ ಮದ್ದಿದ್ದ ಮಾತ್ರಕ್ಕೆ ಅದು ಮಗುವಿಗೆ ತಲುಪೀತೇ? 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. ಹುಟ್ಟಿದ ಮಕ್ಕಳ ಪಟ್ಟಿ ಬರೆಯಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ತಣುವಿನಲ್ಲಿ, ಐಸ್ ಪೆಟ್ಟಿಗೆಯಲ್ಲಿ ತರಬೇಕು. ಬಾರದವರ ಮನೆ ಬಾಗಿಲಿಗೆ ಹೋಗಬೇಕು. ಅಲ್ಲಿ ನರ್ಸಮ್ಮ ‘ತಟ್ಟಮ್ಮೈ’ ಎಂದರೆ ನಮ್ಮ ಅಜ್ಜಿಗೆ ‘ದಡಾರ’ ಎಂದು ಬಿಡಿಸಿ ಹೇಳಬೇಕು. ‘ಕಕ್ಕುವಾನ್’ ಎಂದರೆ ‘ನಾಯಿಕೆಮ್ಮು’ ಎನ್ನಬೇಕು. ಅರ್ಥವಾಗದ ಸೂಜಿಗೆ ಯಾವ ತಾಯಿ ತಾನೇ ಮಗುವನ್ನು ಒಡ್ಡಿಯಾಳು?

2017ರ ಫೆಬ್ರವರಿಯನ್ನು ನೆನೆಯಿರಿ. ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ ತಮಿಳುನಾಡು, ಕರ್ನಾಟಕ ಎರಡರಲ್ಲೂ ಒಟ್ಟಿಗೆ ನಡೆಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು. ಅದರ ಜೊತೆಗೇ ಮೊಬೈಲಿನಲ್ಲಿ ಸುಳ್ಳು ಸುದ್ದಿಯೂ ಓಡಿತು. ಹೆದರಿದ ಕೆಲವರು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ತಮಿಳುನಾಡಿನಲ್ಲಿ ಆಂದೋಲನದ ಅವಧಿಯನ್ನೇ ವಿಸ್ತರಿಸಬೇಕಾಯಿತು.

ಸುಳ್ಳಿಗೆ ಗಡಿಯಿಲ್ಲ, ಭಾಷೆಯ ತೊಡಕೂ ಇಲ್ಲ. ನಿಜಕ್ಕೆ ಮಾತ್ರ ಯಾಕಿರಬೇಕು? ಎರಡು ಭಾಷೆ ಬಲ್ಲವರು ನೀವು. ಮುಂದಿನ ಸಲ ನರ್ಸಮ್ಮ ಬೀದಿಗೆ ಬಂದಾಗ ಅವರ ಜೊತೆ ನಾಲ್ಕು ಮನೆ ನಡೆಯಿರಿ. ಅಂದು ರಾಣಿ ಒಡ್ಡಿದ ತೋಳು ಮಾಡಿದ ಕೆಲಸವನ್ನು ಇಂದು ನಿಮ್ಮ ಒಂದು ಮಾತು ಮಾಡೀತು.