ಆದವಾನಿಯ ಜುಮ್ಮಾ ಮಸೀದಿ

ಕ್ರಿ. ಶ. 622ರಲ್ಲಿ ಪ್ರವಾದಿ ಮಹಮ್ಮದರು ಮದೀನಾ ನಗರದಲ್ಲಿ ಕಟ್ಟಿಸತೊಡಗಿದ ಮಸೀದಿಗೆ ಖರ್ಜೂರದ ಬೊಡ್ಡೆಗಳೇ ಕಂಬಗಳು, ಅದರ ಗರಿಗಳೇ ಛಾವಣಿ. ಸಾವಿರ ವರ್ಷಗಳ ತರುವಾಯ ಆ ಪರಂಪರೆಯು ನಮ್ಮ ಆದವಾನಿಯಲ್ಲಿ ಕಲ್ಲಿನ ರೂಪವನ್ನು ತಳೆಯಿತು. ಇಲ್ಲಿಯ ಜುಮ್ಮಾ ಮಸೀದಿಯನ್ನು ನಿತ್ಯವೂ ಕಾಣುವ ನಾವು ಅದರ ಚರಿತ್ರೆಯನ್ನು ಅರಿತಿರುವುದು ಅಲ್ಪ.

ವಿಜಯನಗರದ ಅರಸರದಾಗಿದ್ದ ಆದವಾನಿಯ ಕೋಟೆಯು 1568ರಲ್ಲಿ ವಿಜಾಪುರದ ಆದಿಲ್‌ಶಾಹಿಗಳ ವಶವಾಯಿತು. ಮುಂದಿನ ಶತಮಾನದಲ್ಲಿ ಅದನ್ನಾಳಿದ ಸಿದ್ದಿ ಮಸೂದ್ ಖಾನನೇ ಈ ಮಸೀದಿಯನ್ನು ಕಟ್ಟಿಸಿದವನು. ಎರಡು ಲಕ್ಷ ರೂಪಾಯಿ ತಗುಲಿತೆಂದು ಹೇಳುವರು. ಅಬಿಸೀನಿಯಾ ಮೂಲದ ಈ ಸರದಾರನು 1678ರಿಂದ 1683ರವರೆಗೆ ಬಾಲಸುಲ್ತಾನ ಸಿಕಂದರನ ಪರವಾಗಿ ವಿಜಾಪುರದ ಆಡಳಿತವನ್ನೇ ನಡೆಸಿ, ಅಧಿಕಾರವನ್ನು ತೊರೆದು ಆದವಾನಿಗೆ ಹಿಂದಿರುಗಿದ್ದನು.

1686ರಲ್ಲಿ ವಿಜಾಪುರವು ಔರಂಗಜೇಬನ ಕೈಸೇರಿತು. ಬಳಿಕ ಮೊಗಲ ಸೇನಾನಿ ಫಿರೋಜ್ ಜಂಗನು ಆದವಾನಿಯನ್ನು ಮುತ್ತಿದನು. ಅವನು ಫಿರಂಗಿಗಳನ್ನು ಮಸೀದಿಯತ್ತ ತಿರುಗಿಸಲು, ತಾನು ಕಟ್ಟಿಸಿದುದು ಕಣ್ಣೆದುರಿನಲ್ಲಿಯೇ ಹಾಳಾಗುವುದನ್ನು ಸಹಿಸಲಾರದೆ ಮಸೂದನು ಕೋಟೆಯನ್ನು ಒಪ್ಪಿಸಿದನೆಂದು ಪ್ರತೀತಿ. ಅದು 1688ನೆಯ ಇಸವಿ. ಮೊಗಲರು ಊರಿಗೆ ಇಮ್ತಿಯಾಜ್‌ಗಢವೆಂದು ಹೆಸರಿಟ್ಟರು. ಆ ಹೆಸರು ಅಳಿಯಿತು, ಮಸೀದಿ ಉಳಿಯಿತು.

ಅನಂತರ ಆದವಾನಿಯು ಬಸಾಲತ್ ಜಂಗನನ್ನು ಕಂಡಿತು, 1786ರಲ್ಲಿ ಟಿಪ್ಪುವಿನ ಸೈನ್ಯವನ್ನು ಕಂಡಿತು, 1800ರಲ್ಲಿ ಕಂಪೆನಿಯ ಕೈಗೆ ಹೋಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಚರಿತ್ರೆಯ ಪುಸ್ತಕಗಳಲ್ಲಿ ಮಸೂದನು ಸೋತವನು. ಆದರೆ ಅವನು ಸೋತು ಉಳಿಸಿದುದೇನೆಂಬುದನ್ನು ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಕರೆದೊಯ್ದು ಒಮ್ಮೆ ತೋರಿಸಲೆಂದು ನಾವು ಬಯಸುತ್ತೇವೆ.