ಸೆಕ್ ಎಕ್ಸ್ ಮತ್ತು ಹಡಗಿನವರ ಲೆಕ್ಕ

ಮೊನ್ನೆ ರಾತ್ರಿ ಹತ್ತೂವರೆಗೆ ಚಿಕ್ಕಮ್ಮನ ಮಗಳ ಫೋನು. ಮರುದಿನ ಅವಳಿಗೆ ಸೆಕೆಂಡ್ ಪಿಯುಸಿ ಗಣಿತದ ಪರೀಕ್ಷೆ. ಇಂಜಿನಿಯರಿಂಗ್ ಓದಿದವನಿಗೆ ಗಣಿತವೆಲ್ಲ ಬರುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ ನೋಡಿ :-)

"ಅಣ್ಣಾ, ಸೈನು, ಕಾಸು ಎಲ್ಲ ಬರತ್ತೆ. ಟ್ಯಾನ್ ಬಂದ್ರೆ ಸೈನ್ ಬೈ ಕಾಸ್ ಮಾಡಿ ತೆಗೀತೀನಿ. ಆದ್ರೆ ಸೆಕ್ ಎಕ್ಸ್ ಇಂಟಿಗ್ರೇಟ್ ಮಾಡೋವಾಗ ಮೇಲೂ ಕೆಳಗೂ ಸೆಕ್ ಪ್ಲಸ್ ಟ್ಯಾನ್‌ನಿಂದ ಗುಣಿಸ್ತಾರಲ್ಲ, ಅದು ಹೆಂಗೆ ಹೊಳೀತು ಅವ್ರಿಗೆ? ನಂಗಂತೂ ಈ ಜನ್ಮದಲ್ಲಿ ಹೊಳೀತಿರ್ಲಿಲ್ಲ."

ನಾನು ಏನಂದೆ ಗೊತ್ತಾ? "ಅದೆಲ್ಲ ಕೇಳ್ತಾ ಕೂರಬೇಡ ಮಾರಾಯ್ತಿ. ಬಾಯಿಪಾಠ ಮಾಡಿ ಮಲಕ್ಕೋ."

ಫೋನ್ ಇಟ್ಟ ಮೇಲೆ ನನಗೇ ನಿದ್ದೆ ಬರಲಿಲ್ಲ. ಹತ್ತು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ನಾನು ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದ್ದೆ. ಹೆಚ್ಚುಕಮ್ಮಿ ಇದೇ ಉತ್ತರ ಸಿಕ್ಕಿತ್ತು. ಹಿಂದಿನ ಬೆಂಚಿನವರು ನಕ್ಕಿದ್ದರು. ಗಣಿತ ಅನ್ನೋದು ತಾನಾಗೇ ಹೊಳೆಯುವವರಿಗೆ, ನನ್ನಂಥವನಿಗಲ್ಲ ಅಂತ ಅವತ್ತು ತೀರ್ಮಾನ ಮಾಡಿಕೊಂಡವನು ಇಂಜಿನಿಯರಿಂಗಿನ ಗಣಿತದ ಪೇಪರುಗಳನ್ನೆಲ್ಲ ಬಾಯಿಪಾಠದಲ್ಲೇ ದಾಟಿಬಿಟ್ಟೆ. ಈಗ ಅದೇ ಮಾತನ್ನು ಅವಳಿಗೆ ದಾಟಿಸಿದ್ದೆ.

ತಮಾಷೆ ಏನೆಂದರೆ, ಅವಳ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಗೊತ್ತಿತ್ತು! ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಮ್ಯಾಪ್ ತೋರಿಸುವ ಕೋಡ್ ಒಂದನ್ನು ನೋಡುತ್ತಿದ್ದೆ. ಒಂದು ಊರಿನ ಅಕ್ಷಾಂಶ ಕೊಟ್ಟರೆ ಪರದೆಯ ಮೇಲೆ ಆ ಊರಿನ ಚುಕ್ಕಿ ಎಷ್ಟು ಎತ್ತರದಲ್ಲಿ ಬರಬೇಕು ಅಂತ ಹೇಳುವ ಒಂದೇ ಸಾಲು ಅದರಲ್ಲಿತ್ತು. ಅಕ್ಷಾಂಶದ ಟ್ಯಾನ್‌ಗೆ ಒನ್ ಬೈ ಕಾಸ್ ಕೂಡಿಸಿ, ಅದಕ್ಕೆ ಲಾಗ್. ಒನ್ ಬೈ ಕಾಸ್ ಅಂದರೆ ಸೆಕ್ ತಾನೆ? ಪಿಯುಸಿಯ ಹಳೇ ಶತ್ರು ಇಲ್ಲಿ ಯಾಕೆ ಬಂದು ಕೂತಿದ್ದಾನೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಕಥೆ.

1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಎಂಬಾತ ನಾವಿಕರಿಗಾಗಿ 18 ಹಾಳೆಗಳ ಒಂದು ದೊಡ್ಡ ಭೂಪಟ ಮಾಡಿದ. ನಾವಿಕರಿಗೆ ಬೇಕಾಗಿದ್ದು ಇಷ್ಟೇ: ದಿಕ್ಸೂಚಿಯ ಒಂದೇ ಕೋನ ಹಿಡಿದು ಹಡಗು ಹೋದರೆ, ಆ ದಾರಿ ನಕ್ಷೆಯ ಮೇಲೆ ಸರಳರೇಖೆಯಾಗಿ ಬರಬೇಕು. ಸ್ಕೇಲ್ ಇಟ್ಟು ಗೆರೆ ಎಳೆದರೆ ದಿಕ್ಕು ಸಿಕ್ಕಿಬಿಡಬೇಕು.

ಇದಕ್ಕೆ ಏನು ಮಾಡಬೇಕು? ಭೂಮಿಯ ಮೇಲೆ ಸಮಭಾಜಕದಿಂದ ಮೇಲೆ ಹೋದಷ್ಟೂ ಅಕ್ಷಾಂಶದ ವೃತ್ತಗಳು ಚಿಕ್ಕದಾಗುತ್ತವೆ. ಸಮಭಾಜಕದ ಉದ್ದವನ್ನು ಅಕ್ಷಾಂಶದ ಕಾಸ್‌ನಿಂದ ಗುಣಿಸಿದರೆ ಅಲ್ಲಿಯ ವೃತ್ತದ ಉದ್ದ. ಆದರೆ ಚಪ್ಪಟೆ ನಕ್ಷೆಯಲ್ಲಿ ಎಲ್ಲ ವೃತ್ತಗಳೂ ಒಂದೇ ಉದ್ದದ ಅಡ್ಡಗೆರೆಗಳು. ಅಂದರೆ ಅಡ್ಡಡ್ಡಲಾಗಿ ಸೆಕ್‌ನಷ್ಟು ಎಳೆದು ಹಿಗ್ಗಿಸಿದ ಹಾಗಾಯಿತು. ಕೋನ ಕೆಡಬಾರದು ಅಂದರೆ ಉದ್ದುದ್ದಕ್ಕೂ ಅಷ್ಟೇ ಹಿಗ್ಗಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿಯಲ್ಲಿದೆ, ಇಲ್ಲಿ ಹಿಗ್ಗುವುದು 1.026 ಪಟ್ಟು, ಕಣ್ಣಿಗೇ ಕಾಣದು. 60 ಡಿಗ್ರಿಯಲ್ಲಿ ಸರಿಯಾಗಿ ಎರಡು ಪಟ್ಟು. ಈ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದು ಇದರಿಂದಲೇ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು.

ಈ ಗೆರೆಗಳ ಅಂತರವನ್ನು ನಿಖರವಾಗಿ ಲೆಕ್ಕ ಹಾಕುವುದು ಹೇಗೆ ಅಂತ ಮರ್ಕೇಟರ್ ವಿವರಿಸಲಿಲ್ಲ. ಅದನ್ನು ಮಾಡಿದವನು ಕೇಂಬ್ರಿಡ್ಜಿನ ಎಡ್ವರ್ಡ್ ರೈಟ್. ಈತ ಬರೀ ಪುಸ್ತಕದ ಪಂಡಿತನಲ್ಲ, 1589ರಲ್ಲಿ ಅಝೋರ್ಸ್ ದ್ವೀಪಗಳ ಕಡೆಗೆ ಹೊರಟ ಹಡಗುಗಳ ಜೊತೆ ಹೋಗಿ ಬಂದವನು. ಒಂದು ಡಿಗ್ರಿಯನ್ನು 60 ಭಾಗ ಮಾಡಿ, ಒಂದೊಂದು ಭಾಗದ ಸೆಕ್ ಬೆಲೆಯನ್ನೂ ಹಿಂದಿನ ಮೊತ್ತಕ್ಕೆ ಕೂಡುತ್ತಾ ಹೋದ. 60 ಡಿಗ್ರಿ ತಲುಪಲು 3600 ಸಲ ಕೂಡಬೇಕು! ನಾವು ಫಾರ್ ಲೂಪ್ ಬರೆದು ಚಹಾ ಕುಡಿಯಲು ಹೋಗುವ ಕೆಲಸವನ್ನು ಆ ಪುಣ್ಯಾತ್ಮ ಕೈಯಲ್ಲಿ ಮಾಡಿದ. 1599ರಲ್ಲಿ ಆ ಕೋಷ್ಟಕ ಪುಸ್ತಕದಲ್ಲಿ ಅಚ್ಚಾಯಿತು. ಚಿಕ್ಕ ಚಿಕ್ಕ ತುಂಡು ಮಾಡಿ ಕೂಡುವುದು. ಇದು ಇಂಟಿಗ್ರೇಷನ್ ಅಲ್ಲದೆ ಇನ್ನೇನು? ಆ ಹೆಸರು ಹುಟ್ಟುವುದಕ್ಕೆ ಇನ್ನೂ ಬಹಳ ವರ್ಷ ಇತ್ತು, ಅಷ್ಟೆ.

1614ರಲ್ಲಿ ನೇಪಿಯರ್‌ನ ಲಾಗರಿದಮ್ ಬಂತು. ಅವನ ಲ್ಯಾಟಿನ್ ಪುಸ್ತಕವನ್ನು ಇಂಗ್ಲಿಷಿಗೆ ತಂದವನು ಯಾರು ಹೇಳಿ? ಇದೇ ಎಡ್ವರ್ಡ್ ರೈಟ್! ತಾನು ಬೆವರು ಸುರಿಸಿ ಮಾಡಿದ ಕೋಷ್ಟಕದ ಉತ್ತರ ಲಾಗರಿದಮ್‌ನಲ್ಲಿ ಅಡಗಿದೆ ಅಂತ ತಿಳಿಯದೆಯೇ 1615ರಲ್ಲಿ ತೀರಿಕೊಂಡ. ಅನುವಾದ ಅಚ್ಚಾಗಿದ್ದು ಮರುವರ್ಷ. ಇದನ್ನು ಓದಿದಾಗ ಯಾಕೋ ತುಂಬ ಬೇಜಾರಾಯಿತು.

1645ರ ಹೊತ್ತಿಗೆ ಹೆನ್ರಿ ಬಾಂಡ್ ಎಂಬ ನೌಕಾಯಾನದ ಮೇಷ್ಟ್ರು ರೈಟ್‌ನ ಕೋಷ್ಟಕವನ್ನು ಟ್ಯಾನ್‌ಗಳ ಲಾಗ್ ಟೇಬಲ್ಲಿನ ಜೊತೆ ಹೋಲಿಸಿ ನೋಡಿದ. ಅಕ್ಷಾಂಶದ ಅರ್ಧಕ್ಕೆ 45 ಡಿಗ್ರಿ ಕೂಡಿಸಿ, ಅದರ ಟ್ಯಾನ್‌ಗೆ ಲಾಗ್ ತೆಗೆದು, ಒಂದು ಸ್ಥಿರಸಂಖ್ಯೆಯಿಂದ ಗುಣಿಸಿದರೆ ಎರಡೂ ಕೂಡಿಬರುತ್ತಿದ್ದವು! ನಾನೂ ಐದು ಸಾಲಿನ ಪ್ರೋಗ್ರಾಂ ಬರೆದು ನೋಡಿದೆ. 60ರ ಅರ್ಧ 30, ಅದಕ್ಕೆ 45 ಕೂಡಿದರೆ 75. ಅದರ ಟ್ಯಾನ್ 3.732, ನ್ಯಾಚುರಲ್ ಲಾಗ್ 1.317. ರೇಡಿಯನ್ನಿನಿಂದ ರೈಟ್‌ನ ಅಳತೆಗೆ ತಿರುಗಿಸಿದರೆ ಸುಮಾರು 4527. ಲೂಪ್ ಹಾಕಿ 3600 ಸಲ ಕೂಡಿಸಿದರೂ ಅದೇ ಆಸುಪಾಸು. ಬಾಂಡ್‌ನ ಈ ಟ್ಯಾನ್ ಬೇರೆಯಲ್ಲ, ನಮ್ಮ ಸೆಕ್ ಪ್ಲಸ್ ಟ್ಯಾನ್ ಬೇರೆಯಲ್ಲ. ಬೇಕಾದರೆ ಪಿಯುಸಿ ಸೂತ್ರಗಳಿಂದಲೇ ತಾಳೆ ನೋಡಿ.

ನೋಡಿದಿರಾ? ಉತ್ತರ ಮೊದಲು ಸಿಕ್ಕಿದ್ದು ಹೀಗೆ, ಎರಡು ಟೇಬಲ್ ಪಕ್ಕಪಕ್ಕ ಇಟ್ಟುಕೊಂಡು. ಯಾರಿಗೂ ಏನೂ ಹೊಳೆದಿರಲಿಲ್ಲ.

ಬಾಂಡ್ ಹತ್ತಿರ ಇದಕ್ಕೆ ಸಾಧನೆ ಇರಲಿಲ್ಲ. 1666ರಲ್ಲಿ ನಿಕೊಲಸ್ ಮರ್ಕೇಟರ್ (ಇವನು ಬೇರೆ, ನಕ್ಷೆಯವನಲ್ಲ) ಈ ಪ್ರಶ್ನೆಯ ಮೇಲೆ ದುಡ್ಡಿನ ಪಂಥವನ್ನೇ ಕಟ್ಟಿದ. 1668ರಲ್ಲಿ ಜೇಮ್ಸ್ ಗ್ರೆಗರಿ ಸಾಧಿಸಿದ. ಆದರೆ ಅದು ಎಷ್ಟು ಜಟಿಲವಾಗಿತ್ತೆಂದರೆ, ಧೂಮಕೇತು ಖ್ಯಾತಿಯ ಹ್ಯಾಲಿಯೇ ಮುಂದೆ ಅದರ ಬಗ್ಗೆ ಗೊಣಗಿದ್ದಾನೆ. 1670ರಲ್ಲಿ ಐಸಾಕ್ ಬ್ಯಾರೋ ಓದಿದರೆ ಅರ್ಥವಾಗುವಂಥ ಸಾಧನೆ ಕೊಟ್ಟ. ನಕ್ಷೆ ಬಂದು ಆಗಲೇ ನೂರು ವರ್ಷ ಕಳೆದಿತ್ತು. ಕ್ಯಾಲ್ಕುಲಸ್ ಬಗ್ಗೆ ಲೈಬ್ನಿಟ್ಸ್‌ನ ಮೊದಲ ಪ್ರಬಂಧ ಅಚ್ಚಾಗಿದ್ದು 1684ರಲ್ಲಿ. ಅಂದರೆ ವಿಷಯಕ್ಕಿಂತ ಮೊದಲೇ ಪರೀಕ್ಷೆಯ ಪ್ರಶ್ನೆ ಬಂದಿತ್ತು!

ಬ್ಯಾರೋನ ದಾರಿಯಲ್ಲಿ ಮಾಯಮಂತ್ರ ಇಲ್ಲ. ಈಗಿನ ಭಾಷೆಯಲ್ಲಿ ಹೇಳುವುದಾದರೆ, ಒನ್ ಬೈ ಕಾಸ್‌ನ ಮೇಲೂ ಕೆಳಗೂ ಕಾಸ್‌ನಿಂದ ಗುಣಿಸಿ. ಕೆಳಗೆ ಕಾಸ್ ಸ್ಕ್ವೇರ್, ಅಂದರೆ ಒಂದು ಮೈನಸ್ ಸೈನ್ ಸ್ಕ್ವೇರ್. ಅದನ್ನು ಒಂದು ಮೈನಸ್ ಸೈನ್, ಒಂದು ಪ್ಲಸ್ ಸೈನ್ ಅಂತ ಒಡೆದು ಪಾರ್ಷಿಯಲ್ ಫ್ರಾಕ್ಷನ್ ಮಾಡಿ. ಎರಡು ಲಾಗ್ ಬರುತ್ತವೆ, ಮುಗಿಯಿತು. ಪಿಯುಸಿ ಹುಡುಗಿಯೊಬ್ಬಳು ಸ್ವಂತ ಬುದ್ಧಿಯಿಂದ ತಲುಪಬಹುದಾದ ದಾರಿ ಇದು. ಸೆಕ್ ಪ್ಲಸ್ ಟ್ಯಾನ್‌ನಿಂದ ಗುಣಿಸುವುದು ಮಾತ್ರ ಉತ್ತರ ಮೊದಲೇ ಗೊತ್ತಿದ್ದವರ ಕೈಚಳಕ ಅಂತ ನನ್ನ ಅಭಿಪ್ರಾಯ. ಒಂದೇ ಸಾಲಿನಲ್ಲಿ ಮುಗಿಯುತ್ತದೆ ಅಂತ ಅದನ್ನೇ ಕಲಿಸುತ್ತೇವೆ. ಆದರೆ ಅದು ಹೊಳೆಯದವರು ದಡ್ಡರು ಅನ್ನಿಸುವ ಹಾಗೆ ಯಾಕೆ ಕಲಿಸುತ್ತೇವೆ?

ಮರುದಿನ ಮಧ್ಯಾಹ್ನ ನಾನೇ ಫೋನ್ ಮಾಡಿದೆ.

"ಸೆಕ್ ಎಕ್ಸ್ ಬರ್ಲೇ ಇಲ್ಲ ಅಣ್ಣಾ, ಸುಮ್ನೆ ಬಾಯಿಪಾಠ ಮಾಡಿದ್ದು" ಅಂದಳು.

ಸಾರಿ ಅಂತ ಹೇಳಿ, ಹಡಗಿನಿಂದ ಶುರು ಮಾಡಿ ಬ್ಯಾರೋ ತನಕ ಇಡೀ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಾದ್ರೆ ಅವ್ರಿಗೂ ಹೊಳ್ದಿರ್ಲಿಲ್ವಾ?"

"ಇಲ್ಲ ಮಾರಾಯ್ತಿ, ಯಾರಿಗೂ ಇಲ್ಲ."

"ಮತ್ತೆ ಕೊಸೆಕ್ಕು?"

ಅದನ್ನು ನೀನೇ ಬ್ಯಾರೋ ಥರ ಒಡೆದು ನೋಡು ಅಂದಿದ್ದೇನೆ. ಸಂಜೆಯೊಳಗೆ ಉತ್ತರ ಕಳಿಸ್ತಾಳಂತೆ :-)